ಮೂರು ಸಾವಿರ ಅಡಿ ಮೇಲಿನ ಕಡಲು

ವೈಟ್‌ಫೀಲ್ಡ್ ಕಡೆ ಮನೆ ಹುಡುಕಿ ಅಲೆದವರಿಗೆ ಗೊತ್ತು, ಇಲ್ಲಿ ಕಟ್ಟಡ ಕಟ್ಟುವವರಿಗೆ ಸಮುದ್ರದ ಮೇಲೆ ಎಲ್ಲಿಲ್ಲದ ಮೋಹ. ಅಪಾರ್ಟ್‌ಮೆಂಟುಗಳ ಹೆಸರಲ್ಲಿ ಅಲೆಯಿದೆ, ತೀರವಿದೆ, ಕೊಲ್ಲಿಯಿದೆ, ಹವಳವೂ ಇದೆ. ನಮ್ಮಲ್ಲಂತೂ ಒಂದೊಂದು ಬ್ಲಾಕಿಗೆ ಒಂದೊಂದು ಸಾಗರದ ಹೆಸರು. ನಾವಿರುವುದು ಅಟ್ಲಾಂಟಿಕ್‌ನ ಏಳನೇ ಮಹಡಿಯಲ್ಲಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ಲುಗಳು ಕೈಕೊಟ್ಟಾಗ ವಾಟ್ಸ್ಆ್ಯಪ್ ಗ್ರೂಪಿಗೆ ಬರುತ್ತಿದ್ದ ಸಂದೇಶಗಳು ಹೀಗಿರುತ್ತಿದ್ದವು: "ಪೆಸಿಫಿಕ್‌ನಲ್ಲಿ ನೀರು ಖಾಲಿ. ಅಟ್ಲಾಂಟಿಕ್‌ಗೆ ಸಂಜೆ ಟ್ಯಾಂಕರ್ ಬರುತ್ತದೆ. ಇಂಡಿಯನ್ ಓಷನ್‌ನವರು ದಯವಿಟ್ಟು ಸಹಕರಿಸಿ." ಬರೆದ ಕಾರ್ಯದರ್ಶಿಗಳಿಗೆ ಇದರಲ್ಲಿ ನಗುವಂಥದ್ದು ಏನೂ ಕಂಡಿರಲಿಲ್ಲ. ಖಾಲಿ ಬಕೆಟ್ ಹಿಡಿದು ನಿಂತ ನಮಗೂ ಆಗ ಕಾಣಲಿಲ್ಲ.

ಇಂಥ ಸಾಗರಗಳ ನಡುವೆ ಬೆಳೆಯುವ ಮಕ್ಕಳಿಗೆ ನಿಜವಾದ ಸಮುದ್ರದ ಸುದ್ದಿ ಹೇಳುವುದು ಈ ಸುತ್ತಿನಲ್ಲಿ ಒಂದೇ ಒಂದು, ರೈಲು ನಿಲ್ದಾಣದ ಹಳದಿ ಫಲಕ. ಊರ ಹೆಸರಿನ ಜೊತೆಗೆ ಸಮುದ್ರಮಟ್ಟದಿಂದ ಇಷ್ಟು ಮೀಟರ್ ಎತ್ತರ ಎಂದು ಅದರಲ್ಲಿ ಬರೆದಿರುತ್ತದೆ. ಬೆಂಗಳೂರು ಹೆಚ್ಚುಕಡಿಮೆ 920 ಮೀಟರ್ ಎತ್ತರದ ಊರು, ಹಳಬರ ಲೆಕ್ಕದಲ್ಲಿ ಮೂರು ಸಾವಿರ ಅಡಿ. ನನ್ನ ನಾಲ್ಕು ವರ್ಷದ ಮಗ ಒಮ್ಮೆ ಆ ಫಲಕವನ್ನು ಅಕ್ಕನ ಕೈಲಿ ಓದಿಸಿ, ಅರ್ಥ ಕೇಳಿ, ನನ್ನ ಕೈ ಹಿಡಿದುಕೊಂಡೇ ಪ್ಲಾಟ್‌ಫಾರಂನಿಂದ ಕೆಳಕ್ಕೆ ಬಗ್ಗಿ ನೋಡಿದ. ಹಳಿ, ಜಲ್ಲಿಕಲ್ಲು, ಯಾರದೋ ಹರಿದ ಚಪ್ಪಲಿ. "ಇಲ್ಲ" ಎಂದ, ಸಂಕ್ಷಿಪ್ತವಾಗಿ.

ನಮ್ಮ ಮನೆಗೆ ಸಮುದ್ರ ಬರುವುದು ಮಳೆಗಾಲದಲ್ಲಿ, ಅತ್ತೆಯ ಜೊತೆ. ಅವರು ಗಂಗೊಳ್ಳಿಯವರು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಅದು ಮೀನು ಮೊಟ್ಟೆಯಿಡುವ ಕಾಲ. ನಾಡದೋಣಿಯವರು ಕಡಲು ಶಾಂತವಿದ್ದ ದಿನ ಹೋಗಿ ತಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಸಿಮೀನು ಸಿಗದ ಊರಿನಲ್ಲಿ ಕೂತು ಮಳೆ ನೋಡುವುದಕ್ಕಿಂತ ಮೊಮ್ಮಕ್ಕಳ ಮುಖ ನೋಡುವುದು ಮೇಲು ಎಂಬ ಲೆಕ್ಕದಲ್ಲಿ ಅವರು ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತುತ್ತಾರೆ. ಬ್ಯಾಗಿನಲ್ಲಿ ಒಣಮೀನಿನ ಕಟ್ಟು, ಒಂದರೊಳಗೊಂದು ಕವರು ಹಾಕಿ, ಮೇಲೆ ಹಳೇ ಸೀರೆ ಸುತ್ತಿ. ಇಷ್ಟು ಮಾಡಿದರೂ ಅದನ್ನು ಹುರಿದ ದಿನ ವಾಸನೆ ಅಟ್ಲಾಂಟಿಕ್ ದಾಟಿ ಪೆಸಿಫಿಕ್ ಮುಟ್ಟುತ್ತದೆ. ಗ್ರೂಪಿನಲ್ಲಿ ಯಾರೋ ಹೆಸರು ಹೇಳದೆ ಮೂಗು ಮುಚ್ಚಿದ ಗೊಂಬೆಯೊಂದನ್ನು ಹಾಕುತ್ತಾರೆ.

ನಾನು ಶಿರಾ ಕಡೆಯವಳು. ನಮ್ಮೂರಲ್ಲಿ ಕೆರೆ ತುಂಬಿದರೆ ಅದೇ ಸುದ್ದಿ. ಕೋಡಿ ಬಿದ್ದರೆ ಜನ ಗಾಡಿ ಕಟ್ಟಿಕೊಂಡು ನೋಡಲು ಹೋಗುತ್ತಿದ್ದರು, ಬಾಗಿನ ಬಿಡುತ್ತಿದ್ದರು. ಅಷ್ಟು ನೀರು ಒಟ್ಟಿಗೆ ನಿಂತಿದ್ದನ್ನು ಕಂಡರೆ ಸಾಕು, ಕೈ ಮುಗಿಯಬೇಕು ಅನ್ನಿಸುತ್ತಿತ್ತು. ಹಾಗೆ ಬೆಳೆದವಳು ಆಫೀಸಿನ ಕ್ಯಾಂಟೀನಿನಲ್ಲಿ ಪರಿಚಯವಾದ ಗಂಗೊಳ್ಳಿಯವನನ್ನು ಮದುವೆಯಾಗಿ, ಬಂಗುಡೆಯ ಮುಳ್ಳು ಬಿಡಿಸುವುದನ್ನು ಮೂವತ್ತರ ಹತ್ತಿರ ಕಲಿತೆ. ಆದ್ದರಿಂದ ನಮ್ಮ ಮನೆಯಲ್ಲಿ ನೀರಿನ ವಿಷಯಕ್ಕೆ ಎರಡು ಪಕ್ಷಗಳಿವೆ. ಪಡುವಣದ ನೀರನ್ನು ನಮ್ಮ ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆಯ ಹೆಸರು ಟೀವಿಯಲ್ಲಿ ಬಂದರೆ ಊಟದ ಮೇಜು ಸದನವಾಗುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಗೌರಿ ಹಬ್ಬದ ದಿನ ಸಕಲೇಶಪುರದ ಬಳಿ ಅದರ ಮೊದಲ ಹಂತಕ್ಕೆ ಚಾಲನೆ ಕೊಟ್ಟಾಗ ನಾನು ಒಬ್ಬಟ್ಟಿಗೆ ಒಂದು ಚಮಚ ತುಪ್ಪ ಜಾಸ್ತಿ ಹಾಕಿಕೊಂಡೆ. ನನ್ನ ಗಂಡ ತುಪ್ಪ ಬೇಡ ಎಂದ.

ಶಾರ್ಕ್ ನೋಡಬೇಕು ಎಂದು ಹಟ ಹಿಡಿದವನು ಚಿಕ್ಕವನು. ಇಂಗ್ಲಿಷ್ ಮೀಡಿಯಂ ನರ್ಸರಿಗಳಲ್ಲಿ ಮಕ್ಕಳಿಗೆ ಹಸುವಿಗಿಂತ ಮೊದಲು ಶಾರ್ಕ್ ಪರಿಚಯವಾಗುತ್ತದೆ. ಅದಕ್ಕೊಂದು ಹಾಡು ಬೇರೆ ಇದೆ, ಒಮ್ಮೆ ಕಿವಿಗೆ ಬಿದ್ದರೆ ವಾರ ಬಿಡುವುದಿಲ್ಲ. ಗಂಗೊಳ್ಳಿಗೆ ಹೋಗೋಣ ಎಂದರೆ ಜುಲೈನ ಮಳೆ, ಘಾಟಿಯಲ್ಲಿ ಗುಡ್ಡ ಕುಸಿತದ ಸುದ್ದಿ. ಹೋದರೂ ಆ ಕೆಂಪು ಕಡಲಿನ ಹತ್ತಿರ ಮಕ್ಕಳನ್ನು ಬಿಡುವವರು ಯಾರು? ಚೆನ್ನೈನಲ್ಲಿ ತಲೆಯ ಮೇಲೆಯೇ ಮೀನು ಈಜುವ ಗಾಜಿನ ಸುರಂಗವಿದೆಯಂತೆ ಎಂದು ದೊಡ್ಡವಳು ವರದಿ ತಂದಳು. ಮುನ್ನೂರೈವತ್ತು ಕಿಲೋಮೀಟರ್ ಹೋಗಿ ಅದೇ ದಿನ ವಾಪಸ್ ಬರುವುದನ್ನು, ಅದೂ ಕಾರಿನಲ್ಲಿ ವಾಂತಿ ಮಾಡುವ ಇಬ್ಬರನ್ನು ಕಟ್ಟಿಕೊಂಡು, ನಾನು ಊಹಿಸಿಕೊಂಡೆ. ಅಲ್ಲಿಗೆ ಕಬ್ಬನ್ ಪಾರ್ಕಿನ ಸರ್ಕಾರಿ ಮತ್ಸ್ಯಾಲಯ ಅವಿರೋಧವಾಗಿ ಆಯ್ಕೆಯಾಯಿತು.

ಸಮುದ್ರವಿದ್ದ ಊರುಗಳು ಮತ್ಸ್ಯಾಲಯ ಕಟ್ಟಿದ ಕಥೆ ಹಳೆಯದು. ಮದ್ರಾಸಿನ ಮರೀನಾದಲ್ಲಿ 1909ರಲ್ಲೇ ಒಂದಿತ್ತು, ಎರಡನೇ ಮಹಾಯುದ್ಧದ ಕಾಲದಲ್ಲಿ ಮುಚ್ಚಿಹೋಯಿತು. ಮುಂಬಯಿಯ ಮರೀನ್ ಡ್ರೈವ್‌ನಲ್ಲಿ ತಾರಾಪೋರವಾಲಾ ಮತ್ಸ್ಯಾಲಯ 1951ರಲ್ಲಿ ಶುರುವಾಯಿತು. ಬಾಗಿಲು ದಾಟಿ ಹೊರಗೆ ಬಂದರೆ ಎದುರಿಗೇ ಕಡಲು, ಅನುಮಾನವಿದ್ದವರು ತಾಳೆ ನೋಡಿಕೊಳ್ಳಬಹುದಿತ್ತು. ಬೆಂಗಳೂರಿನದು 1983ರದ್ದು, ಮೀನುಗಾರಿಕೆ ಇಲಾಖೆಯದು. ಸಮುದ್ರವಿಲ್ಲದ ಊರಿನವರು ಮೀನಿಗೆ ಮನೆ ಕಟ್ಟಿದ್ದನ್ನು ನೋಡಿ ಕರಾವಳಿಯವರು ನಗುವುದುಂಟು. ಆದರೆ ಜಗತ್ತಿನ ಮೊದಲ ಸಾರ್ವಜನಿಕ ಮತ್ಸ್ಯಾಲಯ 1853ರಲ್ಲಿ ತೆರೆದದ್ದು ಲಂಡನ್ ಮೃಗಾಲಯದಲ್ಲಿ. ಅಲ್ಲೂ ಕಿಟಕಿಯಿಂದ ಕಡಲು ಕಾಣುವುದಿಲ್ಲ. ಅದರ ಬೆನ್ನಿಗಿದ್ದ ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗಶಾಸ್ತ್ರಜ್ಞ, ತೀರದಿಂದ ದೂರವಿರುವವರು ಮನೆಯಲ್ಲೇ ಸಮುದ್ರದ ನೀರು ತಯಾರಿಸಿಕೊಳ್ಳಲೆಂದು ಯಾವ ಉಪ್ಪು ಎಷ್ಟು ಎಂದು ಲೆಕ್ಕ ಬರೆದುಕೊಟ್ಟ. ಈಗಲೂ ಒಳನಾಡಿನಲ್ಲಿ ಕಡಲಮೀನು ಸಾಕುವವರು ಮಾಡುವುದು ಅದನ್ನೇ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಇಪ್ಪತ್ತು ಲೀಟರಿನ ನೀರಿನ ಕ್ಯಾನಿಗೆ 700 ಗ್ರಾಂ. ಅತ್ತೆ ಒಂದು ಭರಣಿ ಉಪ್ಪಿನಕಾಯಿಗೆ ಹಾಕುವುದು ಇದಕ್ಕಿಂತ ಹೆಚ್ಚು.

ಭಾನುವಾರ ಬೆಳಿಗ್ಗೆ ಕಾಡುಗೋಡಿಯಲ್ಲಿ ಮೆಟ್ರೋ ಹತ್ತಿದೆವು. 2023ರ ಅಕ್ಟೋಬರ್‌ನಲ್ಲಿ ಕೆ.ಆರ್. ಪುರದ ತುಂಡು ಕೂಡಿಕೊಂಡ ಮೇಲೆ ನಮ್ಮ ಕಡೆಯವರಿಗೆ ಕಬ್ಬನ್ ಪಾರ್ಕ್ ಎಂಬುದು ಬೆಂಗಳೂರಿನಲ್ಲೇ ಇದೆ ಎಂದು ಖಾತ್ರಿಯಾಯಿತು. ಅದಕ್ಕೆ ಮೊದಲು ಮಾರತ್ತಹಳ್ಳಿಯ ಸೇತುವೆ ದಾಟಿ ಪೇಟೆಗೆ ಹೋಗುವುದನ್ನು ನಾವು ಒಂದು ಪ್ರವಾಸವಾಗಿಯೇ ಎಣಿಸುತ್ತಿದ್ದೆವು, ನೀರು ತಿಂಡಿ ಕಟ್ಟಿಕೊಂಡು. ಅತ್ತೆಗೆ ಮೆಟ್ರೋ ಇಷ್ಟ. ಕಿಟಕಿ ಪಕ್ಕ ಕೂತು ಹೋಪ್‌ಫಾರಂ ಚನ್ನಸಂದ್ರದಿಂದ ಹೂಡಿಯವರೆಗೆ ಗಾಜಿನ ಕಟ್ಟಡಗಳನ್ನು ಎಣಿಸಿದರು. ಅದರ ಒಳಗೆ ಜನ ಇರುತ್ತಾರಾ ಎಂದು ಕೇಳಿದರು. ಭಾನುವಾರ ಕಡಿಮೆ ಎಂದೆ. ಈ ಕಿಟಕಿಗಳನ್ನು ತೆಗೆಯಲು ಬರುವುದಿಲ್ಲ, ಒಳಗಿನ ಗಾಳಿ ಯಂತ್ರದ್ದು, ಬೆಳಕು ಯಂತ್ರದ್ದು ಎಂದು ಅವರ ಮಗ ವಿವರಿಸಿದ. ಅವನು ಕೆಲಸ ಮಾಡುವುದು ಅಂಥದ್ದೇ ಒಂದರಲ್ಲಿ. ಅತ್ತೆ ಅವನನ್ನು ಸ್ವಲ್ಪ ಹೊತ್ತು ನೋಡಿ ಸುಮ್ಮನಾದರು.

ಎಂ.ಜಿ. ರಸ್ತೆಯವರೆಗೆ ಆಕಾಶದಲ್ಲಿ ಬರುವ ರೈಲು ಅಲ್ಲಿಂದ ಮುಂದೆ ನೆಲದೊಳಕ್ಕೆ ಇಳಿಯುತ್ತದೆ. ಕಿಟಕಿ ಇದ್ದಕ್ಕಿದ್ದಂತೆ ಕಪ್ಪಾದಾಗ ಚಿಕ್ಕವನು ನನ್ನ ತೋಳು ಹಿಡಿದು, "ಈಗ ಸಮುದ್ರದ ಒಳಗೆ ಬಂದ್ವಾ?" ಎಂದ. ಹಳದಿ ಫಲಕದ ಲೆಕ್ಕ ಅವನ ತಲೆಯಲ್ಲಿ ಇನ್ನೂ ನಡೆಯುತ್ತಿತ್ತು. ಇಳಿದರೆ ಸಿಗಬೇಕಲ್ಲ!

ಪಾರ್ಕಿನಲ್ಲಿ ಮಳೆ ನಿಂತು ಮರಗಳು ತೊಟ್ಟಿಕ್ಕುತ್ತಿದ್ದವು. ಕಸ್ತೂರಬಾ ರಸ್ತೆಯ ಅಂಚಿಗೆ ನಡೆದು ಹೋಗುವಷ್ಟರಲ್ಲಿ ಬಲೂನು, ಜೋಳ, ಸೋಪಿನ ಗುಳ್ಳೆ ಊದುವ ಕಡ್ಡಿ ಎಲ್ಲ ಎದುರಾದವು. ಮತ್ಸ್ಯಾಲಯ ತಲುಪಿದಾಗ ಮಕ್ಕಳ ಕೈಯಲ್ಲಿ ಮೂರನೆಯದು ಇತ್ತು.

ಒಳಗೆ ಕತ್ತಲು, ತೊಟ್ಟಿಗಳಲ್ಲಿ ಬೆಳಕು, ಪಂಪುಗಳ ಗುಂಯ್‌ ಸದ್ದು. ಮಕ್ಕಳು ಮೊದಲ ಗಾಜಿಗೆ ಮೂಗು ಒತ್ತಿದರು. ಅಲ್ಲಿದ್ದದ್ದು ಗೋಲ್ಡ್‌ಫಿಶ್. ಅದನ್ನು ಅವರು ದಂತವೈದ್ಯರ ಕ್ಲಿನಿಕ್ಕಿನಲ್ಲಿ ನೋಡಿದ್ದರು. ಮುಂದೆ ಏಂಜೆಲ್, ಫೈಟರ್. ಫೈಟರ್ ಗಂಡುಗಳನ್ನು ಒಂದೇ ತೊಟ್ಟಿಯಲ್ಲಿ ಬಿಟ್ಟರೆ ಬಡಿದಾಡಿ ಸಾಯುತ್ತವೆ ಎಂದು ಅವರಪ್ಪ ಹೇಳಿದ್ದೇ ತಡ, ಮಗಳು ತಮ್ಮನನ್ನು ಅರ್ಥಗರ್ಭಿತವಾಗಿ ನೋಡಿದಳು.

ಶಾರ್ಕ್ ಕೊನೆಗೂ ಸಿಕ್ಕಿತು. ಫಲಕದಲ್ಲಿ ಸ್ಪಷ್ಟವಾಗಿ ಬರೆದಿತ್ತು, ರೆಡ್ ಟೇಲ್ ಶಾರ್ಕ್. ಮಗನನ್ನು ಎತ್ತಿ ತೋರಿಸಿದೆ. ಕಪ್ಪು ಮೈ, ಕೆಂಪು ಬಾಲ, ನನ್ನ ಬೆರಳಿನಷ್ಟು ಉದ್ದ. ಅದು ಒಂದು ಕಲ್ಲಿನ ಹಿಂದಿನಿಂದ ಬಂದು ನಮ್ಮನ್ನು ನೋಡಿ ಮತ್ತೆ ಕಲ್ಲಿನ ಹಿಂದೆ ಹೋಯಿತು. "ಮರಿನಾ?" ಎಂದ. ಮರಿಯೋ ಏನೋ, ಬೆಳೆದರೂ ಗೇಣುದ್ದ ಮೀರುವುದಿಲ್ಲ. ಇದು ಶಾರ್ಕ್ ಅಲ್ಲವೇ ಅಲ್ಲ. ಥಾಯ್ಲೆಂಡಿನ ಹೊಳೆಗಳ ಗೆಂಡೆ ಜಾತಿಯ ಮೀನು, ಬೆನ್ನ ಮೇಲಿನ ರೆಕ್ಕೆ ನೆಟ್ಟಗೆ ನಿಲ್ಲುತ್ತದೆಂದು ಮಾರುವವರು ಶಾರ್ಕ್ ಎಂದು ಕರೆದರು. ವೈಟ್‌ಫೀಲ್ಡಿನ ಬಿಲ್ಡರುಗಳಿಗೆ ನಾನು ಅಲ್ಲೇ ಅರ್ಧ ಕ್ಷಮೆ ಕೊಟ್ಟೆ. ಈ ಮೀನಿನ ಇನ್ನೊಂದು ವಿಷಯ ಮಗನಿಗೆ ಹೇಳಲಿಲ್ಲ. ತನ್ನ ಸ್ವಂತ ಹೊಳೆಯಲ್ಲಿ ಇದು ಅಳಿವಿನ ಅಂಚಿಗೆ ಬಂದಿದೆ. ಪ್ರಪಂಚದ ಅಂಗಡಿಗಳಲ್ಲಿ ಕಾಣುವುದೆಲ್ಲ ಫಾರಂಗಳಲ್ಲಿ ಹುಟ್ಟಿದ್ದು. ಊರಲ್ಲಿ ಇಲ್ಲವಾಗಿ ಎಲ್ಲ ಊರಿನ ಗಾಜಿನ ಪೆಟ್ಟಿಗೆಯಲ್ಲೂ ಇರುವುದು ಎಂಥ ಬಾಳು ಎಂದು ಯೋಚಿಸುವಷ್ಟರಲ್ಲಿ ಅವನು ಕೆಳಕ್ಕಿಳಿದು ಅದರ ಜೊತೆ ಕಣ್ಣಾಮುಚ್ಚಾಲೆ ಆರಂಭಿಸಿದ್ದ. ಶಾರ್ಕ್ ಚಿಕ್ಕದಾಗಿದ್ದು ಒಳ್ಳೆಯದೇ ಆಯಿತು, ತನ್ನ ಅಳತೆಗೆ ಸರಿಹೋಯಿತು ಎಂಬಂತೆ.

ಅತ್ತೆಯ ಪರಿಶೀಲನೆ ಬೇರೆ ಥರದ್ದು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪ್ರತಿ ತೊಟ್ಟಿಯ ಮುಂದೆಯೂ ನಿಂತು, ಮೀನಿನ ಹೊಟ್ಟೆ, ಕಿವಿರು, ಕಣ್ಣು ನೋಡುತ್ತಿದ್ದರು. ಗಂಗೊಳ್ಳಿಯ ಬಂದರಿನಲ್ಲಿ ಬುಟ್ಟಿಯ ಮುಂದೆ ನಿಲ್ಲುವ ಭಂಗಿಯೇ ಅದು. ತೊಟ್ಟಿ ತೊಳೆಯುತ್ತಿದ್ದ ಸಿಬ್ಬಂದಿಯೊಬ್ಬರನ್ನು ಹಿಡಿದುಕೊಂಡು ಕೇಳಿದರು: "ಇದ್ ತಿಂಬುಕ್ ಆತ್ತಾ?"

"ತಿನ್ನೋದಲ್ಲ ಅಜ್ಜಿ, ನೋಡೋದು."

"ತಿಂಬುಕಾಗ್ದಿರೆ ಕಾಂಬುಕ್ ಎಂತ ಇತ್ತ್ ಅದ್ರಗೆ?"

ಸಿಬ್ಬಂದಿಗೆ ಭಾಷೆ ಪೂರ್ತಿ ಅರ್ಥವಾಗಲಿಲ್ಲ, ಅಭಿಪ್ರಾಯ ಅರ್ಥವಾಯಿತು. ನಕ್ಕು, ಮುಂದಿನ ತೊಟ್ಟಿ ತೋರಿಸಿದರು. ಅಲ್ಲಿ ಕಾಟ್ಲಾ ಇತ್ತು, ದೊಡ್ಡ ತಲೆಯ, ಗಂಭೀರ ಮುಖದ ಮೀನು. ಅತ್ತೆ ಒಮ್ಮೆ ಅರಳಿ, ಕೆರೆಯ ಮೀನು ಎಂದು ಗೊತ್ತಾದೊಡನೆ ಮುಖ ತಿರುಗಿಸಿದರು. ಕರಾವಳಿಯವರಿಗೆ ಕೆರೆಯ ಮೀನೆಂದರೆ ಕೆಸರು ವಾಸನೆ. ಅವರು ಹೇಳುವುದು ಸುಳ್ಳಲ್ಲ. ನಿಂತ ನೀರಿನ ಕೆಲವು ಪಾಚಿ, ಬ್ಯಾಕ್ಟೀರಿಯಾಗಳು ಜಿಯೋಸ್ಮಿನ್ ಎಂಬ ವಸ್ತುವನ್ನು ಬಿಡುತ್ತವೆ, ಅದು ಮೀನಿನ ಮಾಂಸದಲ್ಲಿ ಕೂರುತ್ತದೆ. ಮೊದಲ ಮಳೆ ಬಿದ್ದಾಗ ಮಣ್ಣಿನಿಂದ ಏಳುವ ಪರಿಮಳದಲ್ಲೂ ಇರುವುದು ಅದೇ. ನಮ್ಮ ಶಿರಾದವರು ವರ್ಷವಿಡೀ ಯಾವುದಕ್ಕೆ ಮೂಗು ಅರಳಿಸಿ ಕಾಯುತ್ತೇವೋ ಅದೇ ವಾಸನೆಗೆ ಗಂಗೊಳ್ಳಿಯವರು ಮೂಗು ಮುಚ್ಚುತ್ತಾರೆ. ಇಷ್ಟು ವರ್ಷವಾದರೂ ನಾನು ಇದನ್ನು ಊಟದ ಮೇಜಿನಲ್ಲಿ ಬಳಸಿಲ್ಲ, ಸರಿಯಾದ ಸಮಯಕ್ಕೆಂದು ಇಟ್ಟುಕೊಂಡಿದ್ದೇನೆ.

ಮಗಳಿಗೆ ಸಂಶಯಗಳು ಶುರುವಾದವು. ಎರಡನೇ ಕ್ಲಾಸಿನವಳು, ಉತ್ತರ ಗೊತ್ತಿಲ್ಲದವರನ್ನು ಪತ್ತೆಹಚ್ಚುವುದರಲ್ಲಿ ನಿಪುಣೆ. "ಮೀನಿಗೆ ಬಾಯಾರಿಕೆ ಆಗುತ್ತಾ? ನೀರು ಕುಡಿಯುತ್ತಾ?"

ಅವರಪ್ಪ ಸಾಫ್ಟ್‌ವೇರ್ ಪರೀಕ್ಷಕ. ಯಾವ ಪ್ರಶ್ನೆಗೂ ನೇರ ಉತ್ತರ ಕೊಡುವ ಅಭ್ಯಾಸ ಆ ವೃತ್ತಿಯಲ್ಲಿಲ್ಲ. ಆದರೆ ಮೀನಿನ ವಿಷಯದಲ್ಲಿ ಅವನ ಊರು ಅವನ ಸಹಾಯಕ್ಕೆ ಬರುತ್ತದೆ. ಕಡಲಿನ ಮೀನು ಕುಡಿಯುತ್ತದೆ, ಸಿಹಿನೀರಿನದು ಕುಡಿಯುವುದಿಲ್ಲ ಎಂದ. ಕಡಲಮೀನಿನ ಮೈಯೊಳಗಿಗಿಂತ ಹೊರಗೆ ಉಪ್ಪು ಜಾಸ್ತಿ, ಅದಕ್ಕೇ ಮೈಯ ನೀರು ಹೊರಕ್ಕೆ ಹೋಗುತ್ತಲೇ ಇರುತ್ತದೆ. ನೀರಿನೊಳಗಿದ್ದೂ ಅದಕ್ಕೆ ಒಣಗುವ ಕಷ್ಟ. ಹಾಗಾಗಿ ಕುಡಿದು ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರಿನಿಂದ ಹೊರಗೆ ಹಾಕುತ್ತದೆ. ಕೆರೆ ಹೊಳೆಯ ಮೀನಿನದು ಇದರ ತಿರುಗುಮುರುಗು. ಕಿವಿರಿನ ಮೂಲಕ ನೀರು ತಾನೇ ಒಳಗೆ ನುಗ್ಗುತ್ತಿರುತ್ತದೆ, ಅದನ್ನು ಹೊರಗೆ ಕಳಿಸುವುದೇ ಅದಕ್ಕೆ ದಿನವಿಡೀ ಕೆಲಸ.

"ಹೇಗೆ ಕಳಿಸುತ್ತೆ?" ಎಂದ ಚಿಕ್ಕವನು.

"ಉಚ್ಚೆ ಮಾಡುತ್ತೆ."

ಅಷ್ಟು ಹೊತ್ತು ಶಾರ್ಕಿನ ಕಲ್ಲಿಗೆ ಅಂಟಿಕೊಂಡಿದ್ದವನು ತೊಟ್ಟಿಯಿಂದ ತೊಟ್ಟಿಗೆ ಓಡಿದ. "ಇದೆಲ್ಲಾ ಉಚ್ಚೇನಾ? ಇದೂ? ಇದೂ?" ನಾವು ನೋಡಿದವುಗಳಲ್ಲಿ ಹೆಚ್ಚಿನವು ಸಿಹಿನೀರಿನ ಮೀನುಗಳೇ ಆದ್ದರಿಂದ ಅವನ ಸಂತೋಷಕ್ಕೆ ಮಿತಿಯಿರಲಿಲ್ಲ. ಪಕ್ಕದಲ್ಲಿದ್ದ ಇನ್ನೊಂದು ಕುಟುಂಬದ ಮಕ್ಕಳೂ ಸೇರಿಕೊಂಡರು. ಹಾಗಾದರೆ ನೀರು ಕೆಡುವುದಿಲ್ಲವೇ ಎಂದು ಮಗಳು ತನ್ನ ಅಪ್ಪನನ್ನು ಇನ್ನೊಂದು ಮೆಟ್ಟಿಲು ಹತ್ತಿಸಿದಳು. ಕೆಡುತ್ತದೆ. ಮೀನಿನ ಹೊಲಸಿನಿಂದ ಬರುವ ಅಮೋನಿಯಾ ಅದಕ್ಕೇ ವಿಷ. ಫಿಲ್ಟರಿನಲ್ಲಿ ನೆಲೆನಿಂತ ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ನೈಟ್ರೇಟ್ ಮಾಡಿ ವಿಷವನ್ನು ಇಳಿಸುತ್ತದೆ. ಹೊಸ ತೊಟ್ಟಿ ತಂದ ದಿನವೇ ಮೀನು ತಂದು ಬಿಡುವವರ ಮನೆಯಲ್ಲಿ ಅವು ವಾರದೊಳಗೆ ತೇಲುವುದು ಇದಕ್ಕೇ, ಬ್ಯಾಕ್ಟೀರಿಯಾ ಇನ್ನೂ ಸಂಸಾರ ಹೂಡಿರುವುದಿಲ್ಲ. ಹಾಗೆಂದು ಬೇಸತ್ತು ಉಳಿದ ಮೀನನ್ನು ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಳ್ಳುವವರೂ ಇದ್ದಾರೆ. ತೊಟ್ಟಿಯ ಪಾಚಿ ತಿನ್ನಲೆಂದು ತಂದ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೆ ನಮ್ಮ ದೇಶದ ಕೆರೆಗಳನ್ನು ಹೊಕ್ಕು ಮೀನುಗಾರರ ಬಲೆ ಹರಿಯುತ್ತಿದೆ.

ನಾನು ಮೊದಲು ಮೀನನ್ನು ಹತ್ತಿರದಿಂದ ನೋಡಿದ್ದು ಗಾಜಿನ ಹಿಂದೆ ಅಲ್ಲ. ಶಾಲೆಯ ಪ್ರವಾಸದಲ್ಲಿ ಶೃಂಗೇರಿಯ ತುಂಗಾ ತೀರದ ಮೆಟ್ಟಿಲಿನ ಮೇಲೆ ಪುರಿ ಹಿಡಿದು ಕೂತಿದ್ದೆ. ನೀರು ಕಪ್ಪಾಗುವಷ್ಟು ಮೀನು ಬಂದು, ಕೈಗೇ ಬಾಯಿ ಹಾಕಿದವು. ಕಿರುಚಿಕೊಂಡು ಪುರಿಯನ್ನು ಪೊಟ್ಟಣ ಸಮೇತ ಚೆಲ್ಲಿದೆ. ದೇವರ ಮೀನು, ಯಾರೂ ಹಿಡಿಯುವುದಿಲ್ಲ, ಆದ್ದರಿಂದ ಅವಕ್ಕೂ ಮನುಷ್ಯರ ಹೆದರಿಕೆಯಿಲ್ಲ. ದಕ್ಷಿಣ ಕನ್ನಡದ ಶಿಶಿಲದಲ್ಲಿ ಕಪಿಲಾ ಹೊಳೆಗೂ ಅದೇ ಕಟ್ಟು. ಅಲ್ಲಿ 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತಾಗ ಊರವರು ಅವುಗಳಿಗೆ ಸ್ಮಾರಕ ಕಟ್ಟಿದರು. ಟಿಕೆಟಿಲ್ಲದ, ಪಂಪಿಲ್ಲದ ಮತ್ಸ್ಯಾಲಯಗಳು ನಮ್ಮಲ್ಲಿ ಬಹಳ ಹಿಂದಿನಿಂದ ಇವೆ. ಅಲ್ಲಿ ಮೀನಿನ ಮನೆಗೆ ನಾವು ಪುರಿ ತೆಗೆದುಕೊಂಡು ಹೋಗುತ್ತೇವೆ. ಇಲ್ಲಿ ಅಮೆಜಾನಿನಿಂದ, ಥಾಯ್ಲೆಂಡಿನಿಂದ ಅವು ನಮ್ಮಲ್ಲಿಗೆ ಬಂದು ಕೂತಿವೆ, ಏನನ್ನೂ ಕೊಡಬೇಡಿ, ಗಾಜು ತಟ್ಟಬೇಡಿ ಎಂಬ ಷರತ್ತಿನ ಮೇಲೆ. ಷರತ್ತು ನ್ಯಾಯವಾದದ್ದೇ. ಮೀನಿನ ಪಕ್ಕೆಯುದ್ದಕ್ಕೂ ಇರುವ ಸೂಕ್ಷ್ಮ ರೇಖೆ ನೀರಿನ ಸಣ್ಣ ನಡುಕವನ್ನೂ ಹಿಡಿಯುತ್ತದೆ, ನಮ್ಮ ಮಕ್ಕಳು ಬೆರಳಿನಿಂದ ಟಕ್ ಎನ್ನಿಸುವುದು ಅವಕ್ಕೆ ಮೈಯೆಲ್ಲ ಕೇಳುತ್ತದೆ. ಹಾಗಿದ್ದೂ ಅಂದು ತಟ್ಟಿದವರಲ್ಲಿ ಮಕ್ಕಳಿಗಿಂತ ಅಪ್ಪಂದಿರೇ ಹೆಚ್ಚು.

ಹೊರಗೆ ಬಂದಾಗ ಎಲ್ಲರಿಗೂ ಹಸಿವು. ಸರ್ಕಾರ ಎಷ್ಟು ದೂರಾಲೋಚನೆಯದು ಎಂದು ನನಗೆ ಅಂದು ತಿಳಿಯಿತು. ಕಬ್ಬನ್ ಪಾರ್ಕಿನಲ್ಲೇ ಮೀನುಗಾರಿಕೆ ಅಭಿವೃದ್ಧಿ ನಿಗಮದ ಮತ್ಸ್ಯದರ್ಶಿನಿ ಹೋಟೆಲಿದೆ. ಇಲಾಖೆ ಮೀನು ತೋರಿಸುತ್ತದೆ, ನಿಗಮ ಬಡಿಸುತ್ತದೆ. ಬೆಳಗಿನಿಂದ ಅತ್ತೆ ಕೇಳುತ್ತಿದ್ದ ಪ್ರಶ್ನೆಗೆ ಇಲ್ಲಿ ಉತ್ತರ ತಟ್ಟೆಯಲ್ಲಿ ಬಂತು. ಮಕ್ಕಳು ತಿನ್ನುತ್ತಾರೋ ಇಲ್ಲವೋ ಎಂದು ನನಗೆ ಅಳುಕಿತ್ತು. ಅಷ್ಟು ಹೊತ್ತು ಮೂಗಿಗೆ ಮೂಗು ತಾಗಿಸಿ ಮಾತಾಡಿಸಿದ ಜೀವಿಗಳು. ಮಗಳು ಫ್ರೈ ತುಂಡನ್ನು ತಿರುಗಿಸಿ ನೋಡಿ, "ಇದು ಕುಡಿಯೋ ಮೀನಾ, ಉಚ್ಚೆ ಮಾಡೋ ಮೀನಾ?" ಎಂದಳು. ಕುಡಿಯುವುದು ಎಂದ ಮೇಲೆ ನೆಮ್ಮದಿಯಿಂದ ತಿಂದಳು. ಮಕ್ಕಳ ನೀತಿಶಾಸ್ತ್ರ ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ ಎಂದು ಯಾರೂ ಮೊದಲೇ ಹೇಳಲಾರರು.

ಊಟ ರುಚಿಸಿದರೆ ಅತ್ತೆಗೆ ಇನ್ನೊಂದು ಊಟದ ಯೋಚನೆ ಹುಟ್ಟುತ್ತದೆ. ಮರಳಿ ಕಾಡುಗೋಡಿಯಲ್ಲಿ ಇಳಿದವರೇ ಮೀನಿನ ಅಂಗಡಿಗೆ ನಡೆದರು. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸಿನ ಮೇಲೆ ಬಂಗುಡೆ ಮಲಗಿದ್ದವು. ಜುಲೈನಲ್ಲಿ ಬಂಗುಡೆ! ಅತ್ತೆ ಕಿವಿರು ಎತ್ತಿ ನೋಡಿದರು, ಕೆಂಪಗಿತ್ತು. ಕಣ್ಣು ಒತ್ತಿದರು, ಸರಿಯಿತ್ತು. ಬೋಟು ನಿಂತಿರುವಾಗ ಇದು ಎಲ್ಲಿಂದ ಬಂತು ಎಂದು ಹುಡುಗನನ್ನು ವಿಚಾರಿಸಿದರು. "ಮಂಗ್ಳೂರು ಬಂದ್ ಅಲ್ವಾ ಅಜ್ಜಿ, ಇದು ಆ ಕಡೆ ಮಾಲು, ಕಡಲೂರು ಮದ್ರಾಸು" ಎಂದ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೇ ಮುಗಿಯುತ್ತದೆ. ನಮ್ಮ ಕಡೆ ಬೋಟು ದಡದಲ್ಲಿದ್ದಾಗ ಅವರದು ನೀರಿನಲ್ಲಿರುತ್ತದೆ. ಆಚೆ ಕಡಲಿನ ಮೀನು ಎಂದು ಅತ್ತೆಗೆ ಸ್ವಲ್ಪ ಅನುಮಾನ, ಆದರೆ ಜೂನ್‌ನಿಂದ ಒಣಮೀನು ತಿಂದ ನಾಲಗೆ ಅನುಮಾನವನ್ನು ಗೆದ್ದಿತು.

ರಾತ್ರಿ ಬಂಗುಡೆ ಹುರಿದು, ಉಂಡು, ಮಕ್ಕಳಿಗೆ ಸ್ನಾನ ಮಾಡಿಸುವಾಗ ಚಿಕ್ಕವನು ಬಚ್ಚಲ ಜಾಲರಿಯ ಮೇಲೆ ಕೂತು, ಸೋಪಿನ ನೊರೆ ಸುತ್ತಿ ಸುತ್ತಿ ಒಳಗೆ ಇಳಿಯುವುದನ್ನು ನೋಡುತ್ತ, ಇದು ಎಲ್ಲಿಗೆ ಹೋಗುತ್ತೆ ಎಂದು ಕೇಳಿದ. ನನಗೆ ಗೊತ್ತಿದ್ದ ವಿಷಯ. ವೈಟ್‌ಫೀಲ್ಡ್ ಕಡೆ ಇದ್ದವರಿಗೆ ಇದು ಮರೆಯುವುದಿಲ್ಲ. 2015ರ ಸುಮಾರಿಗೆ ವರ್ತೂರು ಕೆರೆಯ ನೊರೆ ಗಾಳಿಗೆ ಎದ್ದು ರಸ್ತೆಗೆ ಬಂದು ಬೈಕಿನವರ ಮುಖಕ್ಕೆ ಬಡಿಯುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ್ದ ನಾನು ಅದನ್ನು ಮೊದಲು ನೋಡಿದಾಗ, ಹಿಮ ಬಿದ್ದಿದೆ ಎಂದು ಅಮ್ಮನಿಗೆ ಫೋಟೋ ಕಳಿಸಿದ್ದೆ.

ಅಕ್ಕನ ಶಾಲೆಯ ಅಟ್ಲಾಸ್ ತಂದೆವು. ಈ ನೀರು ಇಲ್ಲಿಯದೂ ಅಲ್ಲ. ಕಾವೇರಿ ತನ್ನ ಪಾಡಿಗೆ ಸಮುದ್ರಕ್ಕೆ ಹೋಗುತ್ತಿದ್ದವಳನ್ನು ತಡೆದು, ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರ ಪಂಪು ಮಾಡಿ ತರುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಶುರುವಾದ ಮೇಲೆ ನಮ್ಮ ಕಡೆಯ ಹಳ್ಳಿಗಳಿಗೂ ಬರತೊಡಗಿತು. ನಾವು ಮೈ ತೊಳೆದು, ಪಾತ್ರೆ ತೊಳೆದು ಬಿಟ್ಟದ್ದರಲ್ಲಿ ಒಂದಷ್ಟನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಕಳಿಸುತ್ತಾರೆ. ಉಳಿದದ್ದು ರಾಜಕಾಲುವೆ ಹಿಡಿದು ವರ್ತೂರು ಕೆರೆಗೆ, ಅಲ್ಲಿಂದ ಹರಿದು ದಕ್ಷಿಣ ಪಿನಾಕಿನಿಗೆ, ಹೊಸೂರಿನ ಹತ್ತಿರ ಕೆಲವರಪಳ್ಳಿ ಅಣೆಕಟ್ಟು, ಆಮೇಲೆ ಕೃಷ್ಣಗಿರಿಯದು, ಸಾತನೂರಿನದು ದಾಟಿ ಬಂಗಾಳ ಕೊಲ್ಲಿಗೆ. ಮಗನ ಬೆರಳನ್ನು ಹಿಡಿದು ನೀಲಿ ಗೆರೆಯ ಮೇಲೆ ಓಡಿಸಿದೆ. ಅವನ ಮುಖ ಬೆಳಗಿತು. ಬೆಳಗಿನಿಂದ ಹುಡುಕುತ್ತಿದ್ದ ದಾರಿ ಬಚ್ಚಲಿನಲ್ಲೇ ಇತ್ತು!

ಮಂಚದ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದ ಅತ್ತೆ ಇದನ್ನೆಲ್ಲ ಕೇಳಿಸಿಕೊಂಡು, "ಹಂಗಾರೆ ನಮ್ಮ ಕಡಲಿಗ್ ಹೋತಿಲ್ಯಾ?" ಎಂದರು.

ಇಲ್ಲ, ಪಡುವಣ ಕಡಲಿಗೆ ಹೋಗುವುದಿಲ್ಲ. ಈ ಬಯಲುಸೀಮೆಯೆಲ್ಲ ಮೂಡಣಕ್ಕೆ ಬಾಗಿದೆ, ನಮ್ಮ ಶಿರಾದ ಕೆರೆಯ ಕೋಡಿಯೂ ಸುತ್ತಿಬಳಸಿ ಸೇರುವುದು ಬಂಗಾಳ ಕೊಲ್ಲಿಯನ್ನೇ. ಗಂಗೊಳ್ಳಿಯಲ್ಲಿ ಕಡಲು ಸೇರುವ ಐದು ಹೊಳೆಗಳಿಗೆ ನಮ್ಮ ಬಚ್ಚಲಿನ ಹಂಗಿಲ್ಲ. ಅತ್ತೆ ನಿಡಿದಾದ ಉಸಿರು ಬಿಟ್ಟು, "ಒಳ್ಳೇದಾಯ್ತ್" ಎಂದು ಸುಣ್ಣ ಹಚ್ಚಿದರು.

ಮಗಳು ಅಟ್ಲಾಸ್ ಮುಚ್ಚಿರಲಿಲ್ಲ. ಪಿನಾಕಿನಿಯ ಗೆರೆ ಮುಗಿಯುವಲ್ಲಿ ಬರೆದಿದ್ದ ಊರಿನ ಹೆಸರನ್ನು ಅಕ್ಷರ ಕೂಡಿಸಿ ಓದಿದಳು. "ಕ-ಡ-ಲೂ-ರು. ಅಜ್ಜೀ, ಮೀನಂಗಡಿ ಅಣ್ಣ ಹೇಳಿದ್ದು ಇದೇ ಊರಲ್ವಾ?"

ಅತ್ತೆಯ ಎಲೆ ಬಾಯಿಗೆ ಹೋಗದೆ ಕೈಯಲ್ಲೇ ನಿಂತಿತು. ಅವರ ಮಗ ಫೋನಿನ ಮೇಲೆ ಕಣ್ಣಿಟ್ಟು, ನಗು ತಡೆಯುತ್ತಿರುವುದು ಭುಜದಲ್ಲಿ ಗೊತ್ತಾಗುತ್ತಿತ್ತು. ನಾನು ಅಷ್ಟು ದಿನ ಇಟ್ಟುಕೊಂಡಿದ್ದ ಜಿಯೋಸ್ಮಿನ್‌ನ ಮಾತನ್ನು ಆಗಲೂ ಆಡಲಿಲ್ಲ, ಅಗತ್ಯ ಬೀಳಲಿಲ್ಲ. ಅತ್ತೆ ಸ್ವಲ್ಪ ಹೊತ್ತು ಯೋಚಿಸಿದರು. ತಿಂದದ್ದನ್ನು ವಾಪಸ್ ತೆಗೆಯುವುದು ಆಗದ ಮಾತು, ಮುಂದಿನದನ್ನಾದರೂ ಸರಿಪಡಿಸಬೇಕು ಎಂಬಂತೆ ನನ್ನ ಕಡೆ ತಿರುಗಿ ಹೇಳಿದರು:

"ನಾಳಿಂದ ಮಕ್ಕಳಿಗ್ ಸೋಪ್ ಹಾಕ್ಬೇಡ ಮಾರಾಯ್ತಿ. ಕಡ್ಲೆಹಿಟ್ಟ್ ಹಾಕಿ ಮೀಸ್. ಬಂಗುಡೆಗೂ ಒಳ್ಳೇದ್."